ಗಣಕಯಂತ್ರದ ದೂರ ದುರಸ್ತಿ ಮತ್ತು ಜಾಲ ಸಂಪರ್ಕದ ತೊಂದರೆಗಳು: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಗಣಕಯಂತ್ರದ ನೆರವಿಲ್ಲದೆ ನಡೆಯುವ ಕೆಲಸಗಳು ಇಂದು ಬಹಳ ಕಡಿಮೆ. ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11ಬಿ ನೀಡಿಕೆ, ಪಂಚತಂತ್ರದಲ್ಲಿ ತೆರಿಗೆ ಬೇಡಿಕೆ ಮತ್ತು ವಸೂಲಾತಿಯ ಲೆಕ್ಕ, ಉದ್ಯೋಗ ಖಾತರಿಯ ಕೆಲಸದ ಬೇಡಿಕೆ ನೋಂದಣಿ, ಇ-ಗ್ರಾಮಸ್ವರಾಜ್ ಮೂಲಕ ಹಣಕಾಸು ಆಯೋಗದ ಅನುದಾನದ ಪಾವತಿ, ಇವೆಲ್ಲವೂ ಒಂದೆರಡು ಯಂತ್ರಗಳನ್ನೂ ಒಂದು ತಂತಿಯನ್ನೂ ನೆಚ್ಚಿಕೊಂಡಿವೆ. ಯಂತ್ರ ಕೆಟ್ಟಾಗ ಅಥವಾ ತಂತ್ರಾಂಶ ತೆರೆಯದಿದ್ದಾಗ ತಾಲ್ಲೂಕು ಕೇಂದ್ರದಿಂದ ತಾಂತ್ರಿಕ ಸಿಬ್ಬಂದಿ ಪ್ರತಿ ಬಾರಿಯೂ ಹಳ್ಳಿಗೆ ಬರುವುದು ಸಾಧ್ಯವಾಗದು. ಆದುದರಿಂದ ಅವರು ತಮ್ಮ ಕಚೇರಿಯಲ್ಲಿಯೇ ಕುಳಿತು, ರಿಮೋಟ್ ಡೆಸ್ಕ್‌ಟಾಪ್ ಎಂದು ಕರೆಯಲಾಗುವ ತಂತ್ರಾಂಶದ ಸಹಾಯದಿಂದ ಪಂಚಾಯಿತಿಯ ಯಂತ್ರದ ಪರದೆಯನ್ನು ತಮ್ಮ ಪರದೆಯ ಮೇಲೆ ಕಂಡು, ಅದರ ಕೀಲಿಮಣೆ ಮತ್ತು ಮೌಸನ್ನು ತಾವೇ ನಡೆಸಿ ದೋಷವನ್ನು ಸರಿಪಡಿಸುತ್ತಾರೆ. ಈ ವ್ಯವಸ್ಥೆಯಿಂದ ಉಳಿಯುವ ಸಮಯ ಸಾಮಾನ್ಯವಾದುದಲ್ಲ. ಆದರೆ ಇದರಲ್ಲಿ ಎರಡು ಬಗೆಯ ತೊಡಕುಗಳಿವೆ. ದುರಸ್ತಿಗೆ ಬೇಕಾದ ಸಂಪರ್ಕವೇ ಸಿಗದಿರುವುದು ಒಂದು; ಸಂಪರ್ಕ ಸಿಕ್ಕಿದ ಮೇಲೆ ಪಂಚಾಯಿತಿಯ ಖಜಾನೆಯ ಕೀಲಿಯೂ ಅದರ ಜೊತೆಗೆ ಪರರ ಕೈಗೆ ಹೋಗುವುದು ಇನ್ನೊಂದು. ಎರಡನೆಯದು ಸದಸ್ಯರಿಗೆ ನೇರವಾಗಿ ಸಂಬಂಧಿಸಿದ್ದು. ಮೊದಲನೆಯದನ್ನು ಅರಿಯದೆ ಎರಡನೆಯದು ಅರ್ಥವಾಗದ ಕಾರಣ ಸಂಪರ್ಕದ ವಿಚಾರದಿಂದಲೇ ಆರಂಭಿಸುವುದು ಉಚಿತ.

ದೂರ ಸಂಪರ್ಕ ನಡೆಯುವ ಬಗೆ

ಎನಿಡೆಸ್ಕ್, ಟೀಮ್‌ವ್ಯೂವರ್, ರಸ್ಟ್‌ಡೆಸ್ಕ್ ಮುಂತಾದ ತಂತ್ರಾಂಶಗಳನ್ನು ತೆರೆದೊಡನೆ ಪರದೆಯ ಮೇಲೆ ಒಂಬತ್ತು ಅಥವಾ ಹತ್ತು ಅಂಕಿಗಳ ಒಂದು ಸಂಖ್ಯೆ ಕಾಣುತ್ತದೆ. ತಾಂತ್ರಿಕ ಸಿಬ್ಬಂದಿ ದೂರವಾಣಿಯಲ್ಲಿ ಮೊದಲು ಕೇಳುವುದು ಈ ಸಂಖ್ಯೆಯನ್ನೇ. ಆ ಸಂಖ್ಯೆಯನ್ನು ತಿಳಿದವರು ನೇರವಾಗಿ ಪಂಚಾಯಿತಿಯ ಯಂತ್ರಕ್ಕೆ ಬಂದು ಸೇರುತ್ತಾರೆ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಆರಂಭದ ಹೆಜ್ಜೆ ಹಾಗಿರುವುದಿಲ್ಲ. ಪಂಚಾಯಿತಿಯ ಯಂತ್ರಕ್ಕೆ ಹೊರ ಜಗತ್ತಿನಿಂದ ನೇರವಾಗಿ ಬರಲು ಸಾಧ್ಯವಿರುವ ಸ್ವಂತ ವಿಳಾಸ ಸಾಮಾನ್ಯವಾಗಿ ಇರುವುದಿಲ್ಲ; ಒಂದು ಸಾರ್ವಜನಿಕ ವಿಳಾಸವನ್ನು ಹಲವು ಯಂತ್ರಗಳು ಹಂಚಿಕೊಂಡಿರುತ್ತವೆ. ಪರಸ್ಪರ ಮನೆ ಗೊತ್ತಿಲ್ಲದ ಇಬ್ಬರು ವಾರದ ಸಂತೆಯಲ್ಲಿ ಗೊತ್ತಾದ ಅಂಗಡಿಯ ಮುಂದೆ ಭೇಟಿಯಾಗುವಂತೆ, ಪಂಚಾಯಿತಿಯ ಯಂತ್ರವೂ ತಾಂತ್ರಿಕ ಸಿಬ್ಬಂದಿಯ ಯಂತ್ರವೂ ತಾವಾಗಿ ಹೊರಟು ತಂತ್ರಾಂಶ ಸಂಸ್ಥೆಯ ಸರ್ವರ್ ಬಳಿ ಸೇರುತ್ತವೆ. ಅಲ್ಲಿ ಪರಿಚಯವಾದ ಬಳಿಕ ಸಾಧ್ಯವಾದರೆ ನೇರ ಸಂಪರ್ಕ, ಇಲ್ಲವಾದರೆ ಸರ್ವರ್ ಮೂಲಕವೇ ಸಂಪರ್ಕ ಮುಂದುವರಿಯುತ್ತದೆ.

ಇದರಿಂದ ಒಂದು ಉಪಯುಕ್ತ ತೀರ್ಮಾನ ದೊರೆಯುತ್ತದೆ. ಸಂಪರ್ಕ ಸಿಗದಿದ್ದರೆ ದೋಷವು ಪಂಚಾಯಿತಿಯಿಂದ ಸರ್ವರ್‌ವರೆಗಿನ ದಾರಿಯಲ್ಲಿರಬಹುದು, ಸಿಬ್ಬಂದಿಯಿಂದ ಸರ್ವರ್‌ವರೆಗಿನ ದಾರಿಯಲ್ಲಿರಬಹುದು, ಅಥವಾ ಸರ್ವರ್‌ನಲ್ಲಿಯೇ ಇರಬಹುದು. ಪಂಚಾಯಿತಿಯ ತಂತ್ರಾಂಶದ ಕಿಟಕಿಯಲ್ಲಿ ಸಂಖ್ಯೆಯೇ ಕಾಣದೆ ಕೆಂಪು ಚಿಹ್ನೆಯೋ ‘ಸಂಪರ್ಕವಿಲ್ಲ’ ಎಂಬ ಸೂಚನೆಯೋ ಇದ್ದರೆ ತೊಂದರೆ ಬಹುಪಾಲು ಪಂಚಾಯಿತಿಯ ಕಡೆಯದು. ಸಂಖ್ಯೆ ಕಾಣುತ್ತಿದ್ದು, ‘ಸಿದ್ಧ’ ಎಂಬ ಹಸಿರು ಚಿಹ್ನೆಯೂ ಇದ್ದು, ಆದರೂ ಸಿಬ್ಬಂದಿಗೆ ಸಂಪರ್ಕ ಸಿಗುತ್ತಿಲ್ಲವೆಂದರೆ ಅವರ ಕಡೆಯನ್ನೂ ಪರಿಶೀಲಿಸುವಂತೆ ಕೇಳುವುದರಲ್ಲಿ ತಪ್ಪಿಲ್ಲ. ‘ನಿಮ್ಮ ನೆಟ್ ಸರಿಯಿಲ್ಲ’ ಎಂಬ ಉತ್ತರವನ್ನು ಪರೀಕ್ಷೆಯಿಲ್ಲದೆ ಒಪ್ಪಿಕೊಂಡ ದಿನ ಇ-ಸ್ವತ್ತು ಪ್ರತಿಗಾಗಿ ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ.

ಸಂಪರ್ಕ ಇದ್ದೂ ಪರದೆ ತಡವರಿಸುವ ವಿಚಾರದಲ್ಲಿ ಒಂದು ಸಂಗತಿ ಬಹಳ ಮಂದಿಗೆ ತಿಳಿದಿಲ್ಲ. ಜಾಲ ಸೇವೆ ನೀಡುವವರು ಜಾಹೀರು ಮಾಡುವುದು ಹೆಚ್ಚಾಗಿ ಮಾಹಿತಿ ಒಳಬರುವ ವೇಗವನ್ನು. ದೂರ ದುರಸ್ತಿಯಲ್ಲಿ ಪಂಚಾಯಿತಿಯ ಪರದೆಯ ಚಿತ್ರವು ಹೊರಗೆ ಹೋಗಬೇಕು. ಒಳಬರುವುದು ಮೌಸಿನ ಚಲನೆ ಮತ್ತು ಕೀಲಿ ಒತ್ತಿದ ಸೂಚನೆ ಮಾತ್ರ. ಹಾಗಾಗಿ ವೀಡಿಯೊ ಸರಾಗವಾಗಿ ಓಡುವ ಸಂಪರ್ಕದಲ್ಲಿಯೂ ದೂರ ದುರಸ್ತಿ ತಡವರಿಸಬಹುದು. ಅಂತಹ ಸಂದರ್ಭದಲ್ಲಿ ತಂತ್ರಾಂಶದ ಹೊಂದಿಕೆಗಳಲ್ಲಿ ಚಿತ್ರದ ಗುಣಮಟ್ಟಕ್ಕಿಂತ ವೇಗಕ್ಕೆ ಆದ್ಯತೆ ನೀಡುವುದು, ಪರದೆಯ ಹಿನ್ನೆಲೆಯಲ್ಲಿರುವ ಛಾಯಾಚಿತ್ರವನ್ನು ತೆಗೆದು ಒಂದೇ ಬಣ್ಣ ಇಡುವುದು, ಅದೇ ಸಂಪರ್ಕವನ್ನು ಬಳಸುತ್ತಿರುವ ಸಿ.ಸಿ. ಕ್ಯಾಮೆರಾ ಮತ್ತು ಮೊಬೈಲ್‌ಗಳನ್ನು ಸ್ವಲ್ಪ ಹೊತ್ತು ಬೇರ್ಪಡಿಸುವುದು, ಇಷ್ಟರಿಂದಲೇ ಕೆಲಸ ಸಾಗುವುದುಂಟು.

ದೋಷವನ್ನು ಹುಡುಕುವ ಕ್ರಮ

ಜಾಲ ದೋಷವನ್ನು ಹುಡುಕುವುದು ಕೊಳವೆ ನೀರು ಬಾರದಿದ್ದಾಗ ನೀರುಗಂಟಿಯು ನಲ್ಲಿಯಿಂದ ವಾಲ್ವಿಗೆ, ವಾಲ್ವಿನಿಂದ ಟ್ಯಾಂಕಿಗೆ ನಡೆದು ನೋಡುವ ಕೆಲಸದಂತೆಯೇ. ಹತ್ತಿರದಿಂದ ದೂರಕ್ಕೆ ಹೋಗಬೇಕು, ನಡುವೆ ಜಿಗಿಯಬಾರದು.

ಅತಿ ಹೆಚ್ಚು ಪ್ರಯೋಜನವಿರುವ, ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಒಂದಿದೆ. ಪಂಚಾಯಿತಿಯ ಯಂತ್ರವನ್ನು ಕಚೇರಿಯ ತಂತಿಯಿಂದ ಬೇರ್ಪಡಿಸಿ, ಮೊಬೈಲಿನ ಹಾಟ್‌ಸ್ಪಾಟ್‌ಗೆ ಅಥವಾ ಯುಎಸ್‌ಬಿ ತಂತಿಯ ಮೂಲಕ ಮೊಬೈಲಿಗೆ ಜೋಡಿಸಿ ನೋಡುವುದು. ಮೊಬೈಲಿನ ಮೂಲಕ ತಂತ್ರಾಂಶ ತೆರೆದರೆ ಯಂತ್ರ ಸರಿಯಿದೆ, ದೋಷ ಕಚೇರಿಯ ಸಂಪರ್ಕದಲ್ಲಿದೆ. ಮೊಬೈಲಿನ ಮೂಲಕವೂ ತೆರೆಯದಿದ್ದರೆ ದೋಷ ಯಂತ್ರದಲ್ಲಿದೆ ಅಥವಾ ತೆರೆಯಬೇಕಾದ ಸರ್ವರ್‌ನಲ್ಲಿದೆ. ಐದು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ದೂರು ನೀಡಿದಲ್ಲಿ, ಜಾಲ ಸೇವೆಯವರು ಯಂತ್ರದವರನ್ನೂ ಯಂತ್ರದವರು ಜಾಲ ಸೇವೆಯವರನ್ನೂ ತೋರಿಸುತ್ತಾ ದಿನಗಳು ಕಳೆಯುತ್ತವೆ.

ದೋಷ ಕಚೇರಿಯ ಸಂಪರ್ಕದಲ್ಲಿದೆ ಎಂದಾದರೆ ಮೊದಲು ನೋಡಬೇಕಾದುದು ಓಎನ್‌ಟಿ ಎಂಬ ಪೆಟ್ಟಿಗೆಯನ್ನು. ಭಾರತ್‌ನೆಟ್ ಯೋಜನೆಯಡಿ ಪಂಚಾಯಿತಿಗೆ ಬಂದಿರುವ ದ್ಯುತಿತಂತು ಕೊನೆಗೊಳ್ಳುವುದು ಈ ಪೆಟ್ಟಿಗೆಯಲ್ಲಿ. 2011ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ದ್ಯುತಿತಂತು ಜಾಲ ಎಂಬ ಹೆಸರಿನಲ್ಲಿ ಅನುಮೋದಿಸಿದ ಯೋಜನೆಯೇ ಮುಂದೆ ಭಾರತ್‌ನೆಟ್ ಆಯಿತು. ಪೆಟ್ಟಿಗೆಯ ಮೇಲಿನ ದೀಪಗಳು ಸಾಕಷ್ಟು ಹೇಳುತ್ತವೆ. ಪವರ್ ದೀಪ ಉರಿಯದಿದ್ದರೆ ವಿದ್ಯುತ್ ಅಥವಾ ಅಡಾಪ್ಟರ್ ದೋಷ. ಪಾನ್ ಎಂದು ಬರೆದಿರುವ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಪೆಟ್ಟಿಗೆಯು ಕೇಂದ್ರದೊಡನೆ ಸಂಪರ್ಕದಲ್ಲಿದೆ. ಮಿನುಗುತ್ತಲೇ ಇದ್ದರೆ ಸಂಪರ್ಕಕ್ಕಾಗಿ ಪ್ರಯತ್ನಿಸುತ್ತಿದೆ. ಲಾಸ್ ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ತಂತುವಿನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಈ ಕೊನೆಯ ಸ್ಥಿತಿಯಲ್ಲಿ ಪೆಟ್ಟಿಗೆಯನ್ನು ಹತ್ತು ಬಾರಿ ಆರಿಸಿ ಹೊತ್ತಿಸಿದರೂ ಫಲವಿಲ್ಲ. ತಂತು ಎಲ್ಲಿಯೋ ತುಂಡಾಗಿದೆ ಅಥವಾ ಬಾಗಿದೆ.

ಬಾಗಿದೆ ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ದ್ಯುತಿತಂತು ತಾಮ್ರದ ತಂತಿಯಂತಲ್ಲ. ಗೋಡೆಯ ಮೊಳೆಗೆ ಬಿಗಿಯಾಗಿ ಸುತ್ತಿದರೆ, ಬೀರುವಿನ ಕಾಲಿನ ಕೆಳಗೆ ಸಿಕ್ಕಿಕೊಂಡರೆ, ಒಳಗಿನ ಬೆಳಕು ಆ ಬಾಗಿನಲ್ಲಿಯೇ ಸೋರಿಹೋಗುತ್ತದೆ. ಹೊರಗಿನಿಂದ ನೋಡಿದರೆ ತಂತಿ ಅಖಂಡವಾಗಿರುತ್ತದೆ. ಕಚೇರಿಗೆ ಸುಣ್ಣ ಬಳಿಯುವಾಗ, ಕಪಾಟು ಸರಿಸುವಾಗ ಹೀಗಾಗುವುದು ಸಾಮಾನ್ಯ. ಇಲಿ ಕಚ್ಚುವುದೂ ಇದೆ. ತಂತುವನ್ನು ಪೆಟ್ಟಿಗೆಯಿಂದ ಬಿಚ್ಚಿ ಅದರ ತುದಿಯನ್ನು ಕಣ್ಣಿನಿಂದ ನೋಡಲೇಬಾರದು; ಅದರಲ್ಲಿ ಹರಿಯುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ತಂತು ಹೊರಗಡೆ ತುಂಡಾಗುವ ಕಾರಣಗಳಲ್ಲಿ ಪಂಚಾಯಿತಿಯೇ ಮಾಡಿಸುವ ಅಗೆತವೂ ಒಂದು ಎಂಬುದನ್ನು ಸದಸ್ಯರು ಮರೆಯುವಂತಿಲ್ಲ. ಜಲ ಜೀವನ್ ಮಿಷನ್ನಿನ ಕೊಳವೆ, ಚರಂಡಿ, ಸಿಮೆಂಟ್ ರಸ್ತೆಯ ಅಂಚು, ಇವುಗಳಿಗಾಗಿ ಜೆಸಿಬಿ ಇಳಿದ ದಿನವೇ ಕಚೇರಿಯ ಕೆಂಪು ದೀಪ ಮಿನುಗಿದ್ದರೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. 2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪ್ ಅನ್ನು ಬಿಡುಗಡೆ ಮಾಡಿದೆ. ಅಗೆಯುವವರು ಸ್ಥಳವನ್ನು ಮುಂಚಿತವಾಗಿ ಅದರಲ್ಲಿ ತಿಳಿಸಿದರೆ ಆ ಜಾಗದಲ್ಲಿ ತಂತಿ ಹುದುಗಿಸಿರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ಕಾಮಗಾರಿ ಆದೇಶ ನೀಡುವ ಮೊದಲು ಗುತ್ತಿಗೆದಾರನು ಇದನ್ನು ಬಳಸಿದ್ದಾನೆಯೇ ಎಂದು ವಾರ್ಡಿನ ಸದಸ್ಯರು ವಿಚಾರಿಸಿದರೆ ಒಂದು ವಾರದ ಸ್ಥಗಿತವನ್ನು ತಪ್ಪಿಸಿದಂತಾಗುತ್ತದೆ.

ಪೆಟ್ಟಿಗೆಯ ದೀಪಗಳು ಸರಿಯಿದ್ದು ಯಂತ್ರದಲ್ಲಿ ಮಾತ್ರ ಜಾಲ ಇಲ್ಲವಾದರೆ ಪೆಟ್ಟಿಗೆಯಿಂದ ಯಂತ್ರದವರೆಗಿನ ಲ್ಯಾನ್ ತಂತಿಯನ್ನು ನೋಡಬೇಕು. ತಂತಿ ಸಿಕ್ಕಿಸುವ ಕಿಂಡಿಯ ಬಳಿ ಸಣ್ಣ ದೀಪ ಮಿನುಗದಿದ್ದರೆ ತಂತಿಯನ್ನೋ ತುದಿಯ ಪ್ಲಗ್ಗನ್ನೋ ಬದಲಿಸುವುದು ಪರಿಹಾರ. ತಂತಿ ಸರಿಯಿದ್ದರೆ ಯಂತ್ರದ ಕಮಾಂಡ್ ಪ್ರಾಂಪ್ಟ್ ಕಿಟಕಿಯಲ್ಲಿ ಐಪಿಕಾನ್‌ಫಿಗ್ ಎಂಬ ಆದೇಶ ನೀಡಿ ಯಂತ್ರದ ವಿಳಾಸವನ್ನು ಓದಬಹುದು. ಆ ವಿಳಾಸ 169.254 ಎಂದು ಆರಂಭವಾಗಿದ್ದರೆ ಯಂತ್ರಕ್ಕೆ ರೌಟರ್‌ನಿಂದ ವಿಳಾಸ ದೊರೆತಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು. ರೌಟರ್ ಅನ್ನು ಆರಿಸಿ ಅರ್ಧ ನಿಮಿಷದ ನಂತರ ಹೊತ್ತಿಸಿ, ಬಳಿಕ ಯಂತ್ರವನ್ನು ಮರು ಆರಂಭಿಸಿದರೆ ಸಾಮಾನ್ಯವಾಗಿ ಇದು ಸರಿಹೋಗುತ್ತದೆ. ವಿಳಾಸ ಸರಿಯಿದ್ದರೆ, ಅದೇ ಕಿಟಕಿಯಲ್ಲಿ ಡೀಫಾಲ್ಟ್ ಗೇಟ್‌ವೇ ಎಂಬುದರ ಮುಂದೆ ಇರುವ ರೌಟರ್‌ನ ವಿಳಾಸಕ್ಕೆ ಮೊದಲು, 8.8.8.8 ಎಂಬ ಹೊರಗಿನ ವಿಳಾಸಕ್ಕೆ ನಂತರ ಪಿಂಗ್ ಆದೇಶ ನೀಡಿ ನೋಡಬೇಕು. ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ಬಾರದಿದ್ದರೆ ದೋಷ ಕಚೇರಿಯ ಹೊರಗಿದೆ. ಎರಡಕ್ಕೂ ಉತ್ತರ ಬಂದು ಯಾವ ಜಾಲತಾಣವೂ ತೆರೆಯದಿದ್ದರೆ ಹೆಸರನ್ನು ವಿಳಾಸವಾಗಿ ಪರಿವರ್ತಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ದೋಷವಿದೆ. ಈ ಒಂದು ವಾಕ್ಯವನ್ನು ದೂರಿನಲ್ಲಿ ಬರೆದರೆ ತಾಂತ್ರಿಕ ಸಿಬ್ಬಂದಿಯ ಅರ್ಧ ಕೆಲಸ ಮುಗಿದಂತೆ.

ಜಾಲದ ದೋಷವಲ್ಲದ ಜಾಲದೋಷಗಳು

ಜಾಲದ ಮೇಲೆ ಹೊರಿಸಲಾಗುವ ಅನೇಕ ದೋಷಗಳಿಗೆ ಜಾಲದೊಡನೆ ಸಂಬಂಧವೇ ಇರುವುದಿಲ್ಲ. ಅವುಗಳಲ್ಲಿ ಕೆಲವನ್ನು ಅರಿತಿರುವುದು ಒಳಿತು.

ಯಂತ್ರದ ದಿನಾಂಕ ತಪ್ಪಾಗಿರುವುದು ಇಂತಹುದರಲ್ಲಿ ಮೊದಲನೆಯದು. ಗಣಕಯಂತ್ರದ ಒಳಗೆ ನಾಣ್ಯದ ಆಕಾರದ, ಮೂರು ವೋಲ್ಟಿನ ಒಂದು ಚಿಕ್ಕ ಬ್ಯಾಟರಿ ಇರುತ್ತದೆ. ಬಹುತೇಕ ಯಂತ್ರಗಳಲ್ಲಿ ಅದು ಸಿಆರ್2032 ಮಾದರಿಯದು. ವಿದ್ಯುತ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಹಳೆಯ ಯಂತ್ರಗಳಲ್ಲಿ ಅದು ಸತ್ತುಹೋದಾಗ, ಪ್ರತಿ ಬಾರಿ ವಿದ್ಯುತ್ ಕಡಿತವಾದ ಮೇಲೆ ಯಂತ್ರವು ಹಲವು ವರ್ಷ ಹಿಂದಿನ ದಿನಾಂಕವನ್ನು ತೋರಿಸುತ್ತದೆ. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳಿಗೆ ಆರಂಭದ ಮತ್ತು ಅಂತ್ಯದ ದಿನಾಂಕಗಳಿರುವ ಕಾರಣ, ತಪ್ಪು ದಿನಾಂಕದ ಯಂತ್ರವು ಅವುಗಳನ್ನು ಅಮಾನ್ಯವೆಂದು ತಿರಸ್ಕರಿಸುತ್ತದೆ. ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಪರದೆಯ ಮೇಲೆ ಮೂಡುತ್ತದೆ. ದೂರ ಸಂಪರ್ಕದ ತಂತ್ರಾಂಶವೂ ಅದೇ ಕಾರಣಕ್ಕೆ ಸರ್ವರ್‌ಗೆ ಸೇರದೆ ಹೋಗಬಹುದು. ಡಿಜಿಟಲ್ ಸಹಿಯೂ ಕೆಲಸ ಮಾಡದೆ ಹೋಗಬಹುದು. ಪರದೆಯ ಬಲಬದಿಯ ಕೆಳಮೂಲೆಯಲ್ಲಿರುವ ದಿನಾಂಕವನ್ನು ಒಮ್ಮೆ ನೋಡುವುದಕ್ಕೆ ಯಾವ ತರಬೇತಿಯೂ ಬೇಡ, ಬ್ಯಾಟರಿಗೆ ತಗಲುವ ವೆಚ್ಚವೂ ಅತ್ಯಲ್ಪ. ಆದರೂ ಈ ಕಾರಣಕ್ಕಾಗಿ ಕೆಲಸ ನಿಲ್ಲುವುದುಂಟು.

ಎರಡನೆಯದು ಪರದೆ ಇದ್ದಕ್ಕಿದ್ದಂತೆ ಕಪ್ಪಾಗುವುದು ಅಥವಾ ಸ್ತಬ್ಧವಾಗುವುದು. ದೂರದ ಸಿಬ್ಬಂದಿ ಯಾವುದೋ ತಂತ್ರಾಂಶವನ್ನು ಅಳವಡಿಸಲು ಹೊರಟಾಗ ವಿಂಡೋಸ್ ವ್ಯವಸ್ಥೆಯು ಪರದೆಯನ್ನು ಮಬ್ಬುಗೊಳಿಸಿ ಅನುಮತಿ ಕೇಳುತ್ತದೆ. ಸಹಾಯಕ ತಂತ್ರಾಂಶವನ್ನು ಪೂರ್ಣ ಅಧಿಕಾರದೊಡನೆ ಅಳವಡಿಸಿರದಿದ್ದಲ್ಲಿ ಈ ಪ್ರಶ್ನೆ ಯಂತ್ರದ ಮುಂದೆ ಕುಳಿತವರಿಗೆ ಮಾತ್ರ ಕಾಣುತ್ತದೆ. ದೂರದವರಿಗೆ ಕಪ್ಪು ಪರದೆ. ಸಂಪರ್ಕ ಕಡಿಯಿತೆಂದು ಇಬ್ಬರೂ ಭಾವಿಸಿ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಯಂತ್ರದ ಮುಂದೆ ಇರುವವರು ಪ್ರಶ್ನೆಯನ್ನು ಓದಿ, ದೂರವಾಣಿಯಲ್ಲಿ ಸಿಬ್ಬಂದಿಗೆ ತಿಳಿಸಿ, ಸರಿಯೆಂದಾದರೆ ಒಪ್ಪಿಗೆ ನೀಡಬೇಕು. ದುರಸ್ತಿಯ ವೇಳೆ ಯಾರಾದರೂ ಯಂತ್ರದ ಮುಂದೆ ಇರಲೇಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಲ್ಯಾಪ್‌ಟಾಪ್ ಮುಚ್ಚಳವನ್ನು ಮುಚ್ಚುವುದು, ಯಂತ್ರವು ತಾನಾಗಿ ನಿದ್ರಾವಸ್ಥೆಗೆ ಹೋಗುವುದು ಇವುಗಳಿಂದಲೂ ಪರದೆ ಕಪ್ಪಾಗುತ್ತದೆ.

ಮೂರನೆಯದು ಪರವಾನಗಿಯ ಪ್ರಶ್ನೆ. ಎನಿಡೆಸ್ಕ್ ಮತ್ತು ಟೀಮ್‌ವ್ಯೂವರ್ ಇವುಗಳ ಉಚಿತ ಆವೃತ್ತಿಗಳು ವೈಯಕ್ತಿಕ ಬಳಕೆಗೆ ಮಾತ್ರ ಮೀಸಲು. ಕಚೇರಿಯ ಬಳಕೆಯೆಂದು ತಂತ್ರಾಂಶಕ್ಕೆ ಅನುಮಾನ ಬಂದಾಗ ಅದು ಎಚ್ಚರಿಕೆ ತೋರಿಸಿ ಸಂಪರ್ಕವನ್ನು ಅಲ್ಪ ಕಾಲದಲ್ಲಿಯೇ ಕಡಿದುಹಾಕಬಹುದು. ಇದನ್ನು ಜಾಲದ ದೋಷವೆಂದು ತಿಳಿದು ರೌಟರ್ ಬದಲಿಸಿದರೆ ಹಣ ವ್ಯರ್ಥ. ವಿಂಡೋಸ್ 10 ಮತ್ತು 11ರಲ್ಲಿ ದೊರೆಯುವ ಕ್ವಿಕ್ ಅಸಿಸ್ಟ್ ಎಂಬ ಮೈಕ್ರೋಸಾಫ್ಟ್ ಸಾಧನದಲ್ಲಿ ಈ ತೊಡಕಿಲ್ಲ. ರಸ್ಟ್‌ಡೆಸ್ಕ್ ಮುಕ್ತ ತಂತ್ರಾಂಶವಾಗಿದ್ದು ಅದರ ಸರ್ವರ್ ಅನ್ನು ಬಳಸುವ ಸಂಸ್ಥೆಯೇ ಸ್ವಂತವಾಗಿ ನಡೆಸಲೂ ಸಾಧ್ಯವಿದೆ. ಕ್ವಿಕ್ ಅಸಿಸ್ಟ್‌ನ ಇನ್ನೊಂದು ಅನುಕೂಲವೆಂದರೆ ಪ್ರತಿ ಬಾರಿಯೂ ಹೊಸ ಸಂಕೇತ ಬೇಕಾಗುತ್ತದೆ ಮತ್ತು ಯಂತ್ರದ ಮುಂದೆ ಇರುವವರು ಒಪ್ಪಿಗೆ ನೀಡದೆ ಯಾರೂ ಒಳಬರಲಾಗುವುದಿಲ್ಲ.

ವಿಂಡೋಸ್‌ನ ಸ್ವಂತ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯ ಇವೆಲ್ಲಕ್ಕಿಂತ ಭಿನ್ನ. ಅದು ಒಂದೇ ಕಚೇರಿಯ ಜಾಲದೊಳಗೆ ಬಳಸಲು ತಕ್ಕುದು. ವಿಂಡೋಸ್‌ನ ಹೋಮ್ ಆವೃತ್ತಿ ಇರುವ ಯಂತ್ರಕ್ಕೆ ಅದರ ಮೂಲಕ ಪ್ರವೇಶಿಸಲು ಬರುವುದಿಲ್ಲ. ಅದು 3389 ಎಂಬ ದ್ವಾರವನ್ನು ಬಳಸುತ್ತದೆ. ಆ ದ್ವಾರವನ್ನು ರೌಟರ್‌ನಲ್ಲಿ ಹೊರ ಜಗತ್ತಿಗೆ ತೆರೆದುಕೊಡಲು ಯಾರಾದರೂ ಸಲಹೆ ನೀಡಿದರೆ ಒಪ್ಪಬಾರದು. 2019ರ ಮೇ ತಿಂಗಳಿನಲ್ಲಿ ಈ ಸೌಲಭ್ಯದಲ್ಲಿ ಬ್ಲೂಕೀಪ್ ಎಂಬ ದೋಷ ಬಹಿರಂಗವಾದಾಗ, ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಸಂಸ್ಥೆ ತೇಪೆ ಬಿಡುಗಡೆ ಮಾಡಬೇಕಾಯಿತು ಎಂಬುದರಿಂದ ಅಪಾಯದ ಪ್ರಮಾಣವನ್ನು ಊಹಿಸಬಹುದು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿವೆ. ಹಳೆಯ ಯಂತ್ರವನ್ನು ಬದಲಿಸುವ ಪ್ರಸ್ತಾವನೆ ಸಭೆಯ ಮುಂದೆ ಬಂದಾಗ ಅದನ್ನು ಕೇವಲ ಆಡಂಬರದ ವೆಚ್ಚವೆಂದು ಕಾಣದಿರುವುದು ಲೇಸು.

ಡಿಜಿಟಲ್ ಸಹಿಯ ಟೋಕನ್

ಈಗ ಹಣದ ವಿಚಾರಕ್ಕೆ ಬರಬಹುದು. ಪಂಚಾಯಿತಿಯ ಪಾವತಿಗೆ ಇಬ್ಬರ ಸಹಿ ಬೇಕೆಂಬುದು ಹಿಂದಿನಿಂದ ಬಂದ ನಿಯಮ. ಚೆಕ್ ಪುಸ್ತಕದ ಕಾಲದಲ್ಲಿ ಎರಡು ಸಹಿಗಳು ಎರಡು ಕೈಗಳಿಂದಲೇ ಬೀಳುತ್ತಿದ್ದವು. ಇಂದು ಸಿದ್ಧಪಡಿಸುವವರು ಒಬ್ಬರು, ಪರಿಶೀಲಿಸಿ ಅನುಮೋದಿಸುವವರು ಇನ್ನೊಬ್ಬರು ಎಂಬ ಕ್ರಮ ಉಳಿದಿದೆ. ಆದರೆ ಸಹಿಯು ಯುಎಸ್‌ಬಿ ಟೋಕನ್ ಆಗಿ ಬದಲಾಗಿದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಟೋಕನ್ ಒಂದು, ಅಧ್ಯಕ್ಷರ ಟೋಕನ್ ಇನ್ನೊಂದು. ಸಹಿಗೆ ಬೇಕಾದ ಗುಪ್ತ ಕೀಲಿ ಆ ಟೋಕನ್ನಿನೊಳಗೆ ಇರುತ್ತದೆ, ಅದನ್ನು ತೆರೆಯುವುದು ಪಿನ್ ಸಂಖ್ಯೆ.

ಅಧ್ಯಕ್ಷರ ಟೋಕನ್ ಕಚೇರಿಯ ಮೇಜಿನ ಖಾನೆಯಲ್ಲಿಯೇ ಇರುವುದು, ಅದರ ಪಿನ್ ಸಂಖ್ಯೆ ಡೇಟಾ ಎಂಟ್ರಿ ಆಪರೇಟರಿಗೆ ತಿಳಿದಿರುವುದು ಅನೇಕ ಕಡೆ ಅನುಕೂಲದ ಹೆಸರಿನಲ್ಲಿ ನಡೆದು ಬಂದಿದೆ. ಅಧ್ಯಕ್ಷರು ಹೊಲದಲ್ಲಿಯೋ ಊರಿನಲ್ಲಿಯೋ ಇರುವಾಗ ಕೆಲಸ ನಿಲ್ಲಬಾರದೆಂಬುದು ಇದಕ್ಕೆ ನೀಡುವ ಸಮರ್ಥನೆ. ಆಪರೇಟರ್ ಪ್ರಾಮಾಣಿಕನೇ ಇರಬಹುದು. ಆದರೆ ಎರಡೂ ಟೋಕನ್‌ಗಳು ಒಂದೇ ಯಂತ್ರದಲ್ಲಿ ಸಿಕ್ಕಿಸಿರುವಾಗ, ಪಿನ್ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿರುವಾಗ ಅಥವಾ ಅದೇ ಯಂತ್ರದ ಕಡತವೊಂದರಲ್ಲಿ ಬರೆದಿಟ್ಟಿರುವಾಗ, ದೂರ ಸಂಪರ್ಕದ ಮೂಲಕ ಒಳಬಂದವರಿಗೆ ಯಾವ ಅಡ್ಡಿಯೂ ಉಳಿಯುವುದಿಲ್ಲ. ಇಬ್ಬರ ಸಹಿಯೆಂಬ ನಿಯಮ ಕಾಗದದಲ್ಲಿ ಉಳಿದು ಯಂತ್ರದಲ್ಲಿ ಅಳಿದಿರುತ್ತದೆ.

ಇಲ್ಲಿ ಒಂದು ತಾಂತ್ರಿಕ ವಿವರ ಮುಖ್ಯವಾದುದು. ವಿಂಡೋಸ್‌ನ ಸ್ವಂತ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಂದು ಯಂತ್ರಕ್ಕೆ ಪ್ರವೇಶಿಸಿದಾಗ ಆ ಯಂತ್ರದಲ್ಲಿ ಸಿಕ್ಕಿಸಿರುವ ಟೋಕನ್ ಸಾಮಾನ್ಯವಾಗಿ ಕಾಣುವುದಿಲ್ಲ. ಆ ವ್ಯವಸ್ಥೆಯು ಟೋಕನ್ನನ್ನು ಪ್ರವೇಶಿಸುವವರ ಕಡೆಯ ಯಂತ್ರದಲ್ಲಿ ಹುಡುಕುತ್ತದೆ. ‘ಟೋಕನ್ ಸಿಗುತ್ತಿಲ್ಲ’ ಎಂಬ ದೂರುಗಳಲ್ಲಿ ಕೆಲವಕ್ಕೆ ಇದೇ ಕಾರಣ. ಅದು ಟೋಕನ್ನಿನ ದೋಷವಲ್ಲ, ಚಾಲಕ ತಂತ್ರಾಂಶವನ್ನು ಮರು ಅಳವಡಿಸಬೇಕಾಗಿಯೂ ಇಲ್ಲ. ಆದರೆ ಎನಿಡೆಸ್ಕ್, ಟೀಮ್‌ವ್ಯೂವರ್, ಕ್ವಿಕ್ ಅಸಿಸ್ಟ್ ಮಾದರಿಯ ತಂತ್ರಾಂಶಗಳಲ್ಲಿ ದೂರದವರು ನೋಡುವುದು ಯಂತ್ರದ ಮುಂದೆ ಕುಳಿತವರ ಪರದೆಯನ್ನೇ; ಆದುದರಿಂದ ಅಲ್ಲಿ ಸಿಕ್ಕಿಸಿರುವ ಟೋಕನ್ ಅವರಿಗೂ ಲಭ್ಯ. ಪಿನ್ ಗೊತ್ತಿದ್ದರೆ ಸಹಿಯೂ ಲಭ್ಯ. ಹೀಗಾಗಿ ದುರಸ್ತಿ ಆರಂಭಿಸುವ ಮುನ್ನ ಟೋಕನ್‌ಗಳನ್ನು ಯಂತ್ರದಿಂದ ಕಿತ್ತಿಡಬೇಕು. ದೋಷವೇ ಟೋಕನ್ನಿಗೆ ಸಂಬಂಧಿಸಿದ್ದಾದರೆ ಒಂದನ್ನು ಮಾತ್ರ ಸಿಕ್ಕಿಸಿ, ಪಿನ್ ಸಂಖ್ಯೆಯನ್ನು ಟೋಕನ್ನಿನ ಒಡೆಯರೇ ತಮ್ಮ ಕೈಯಿಂದ ಒತ್ತಬೇಕು. ದೂರವಾಣಿಯಲ್ಲಿ ಹೇಳಬಾರದು. ಪಿನ್ ಅನ್ನು ಹಲವು ಬಾರಿ ತಪ್ಪಾಗಿ ಒತ್ತಿದರೆ ಟೋಕನ್ ಬೀಗ ಹಾಕಿಕೊಳ್ಳುತ್ತದೆ ಎಂಬುದನ್ನೂ ನೆನಪಿಡಬೇಕು.

ಕಾನೂನಿನ ದೃಷ್ಟಿಯಲ್ಲಿ ಡಿಜಿಟಲ್ ಸಹಿಯು ಅದರ ಒಡೆಯರ ಸಹಿಯೇ. ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ 66ಸಿ ಪ್ರಕರಣದಂತೆ ಇನ್ನೊಬ್ಬರ ವಿದ್ಯುನ್ಮಾನ ಸಹಿ ಅಥವಾ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮೂರು ವರ್ಷಗಳವರೆಗಿನ ಕಾರಾಗೃಹ ವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ. ಆದರೆ ತಾನು ನೋಡದ ಪಾವತಿಗೆ ತನ್ನ ಸಹಿ ಬಿದ್ದಾಗ ‘ಅದು ನಾನು ಮಾಡಿದ್ದಲ್ಲ’ ಎಂದು ಸಾಧಿಸುವ ಹೊಣೆ ಮೊದಲು ಬರುವುದು ಟೋಕನ್ನನ್ನು ಬಿಟ್ಟುಕೊಟ್ಟವರ ಮೇಲೆ. ಮೊದಲ ಬಾರಿ ಆಯ್ಕೆಯಾದ ಅಧ್ಯಕ್ಷರಿಗೆ, ಅದರಲ್ಲೂ ಗಣಕಯಂತ್ರದ ಪರಿಚಯವಿಲ್ಲದವರಿಗೆ, ಇದನ್ನು ಅಧಿಕಾರ ವಹಿಸಿಕೊಂಡ ದಿನವೇ ಯಾರಾದರೂ ವಿವರಿಸಬೇಕು. ಅವರಿಗೆ ಟೋಕನ್ ಕೊಟ್ಟು ಅದನ್ನು ಮತ್ತೆ ಖಾನೆಗೆ ಹಾಕಿಸಿಕೊಳ್ಳುವುದು ಗೌರವದ ಮಾತಲ್ಲ.

ಕರೆ ಮಾಡಿದವರು ಯಾರು

ದೂರ ದುರಸ್ತಿಯ ತಂತ್ರಾಂಶಗಳನ್ನೇ ವಂಚಕರೂ ಬಳಸುತ್ತಾರೆ. 2019ರ ಫೆಬ್ರವರಿಯಲ್ಲಿಯೇ ಭಾರತೀಯ ರಿಸರ್ವ್ ಬ್ಯಾಂಕ್, ಎನಿಡೆಸ್ಕ್ ಆ್ಯಪ್ ಅನ್ನು ಮೊಬೈಲಿನಲ್ಲಿ ಹಾಕಿಸಿ ಖಾತೆಯಿಂದ ಹಣ ಲಪಟಾಯಿಸುವ ವಿಧಾನದ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ವಿಧಾನ ಸರಳ. ಬ್ಯಾಂಕಿನಿಂದಲೋ ಯಾವುದೋ ಇಲಾಖೆಯಿಂದಲೋ ಮಾತನಾಡುವುದಾಗಿ ಹೇಳಿ, ಕೆವೈಸಿ ಅಥವಾ ಬಾಕಿಯ ಹೆಸರಿನಲ್ಲಿ ಗಾಬರಿ ಹುಟ್ಟಿಸಿ, ತಂತ್ರಾಂಶ ಹಾಕಿಸಿ, ಪರದೆಯ ಮೇಲಿನ ಸಂಖ್ಯೆಯನ್ನು ಕೇಳುತ್ತಾರೆ. ಸಂಖ್ಯೆ ಹೇಳಿ ಒಪ್ಪಿಗೆಯ ಗುಂಡಿ ಒತ್ತಿದ ಮೇಲೆ ಒಟಿಪಿ ಹೇಳಬೇಕಾಗಿಯೇ ಇಲ್ಲ; ಅದು ಬಂದಾಗ ಅವರಿಗೂ ಕಾಣುತ್ತದೆ. ಸಹಾಯವಾಣಿಯ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಿ ಕರೆ ಮಾಡುವುದೂ ಅಪಾಯಕರ, ಏಕೆಂದರೆ ವಂಚಕರು ತಮ್ಮ ಸಂಖ್ಯೆಗಳನ್ನೇ ಅಲ್ಲಿ ಬಿತ್ತಿರುತ್ತಾರೆ.

ಕಚೇರಿಗೆ ಬಂದ ಕರೆ ನಿಜವಾಗಿಯೂ ತಾಂತ್ರಿಕ ಸಿಬ್ಬಂದಿಯದೇ ಎಂದು ತಿಳಿಯಲು ಅತಿ ಸುಲಭ ಉಪಾಯವೆಂದರೆ ಕರೆಯನ್ನು ಕಡಿದು, ಕಚೇರಿಯಲ್ಲಿ ಮೊದಲೇ ಬರೆದಿಟ್ಟಿರುವ ತಾಲ್ಲೂಕು ಪಂಚಾಯಿತಿಯ ಸಂಖ್ಯೆಗೆ ತಾವೇ ಕರೆ ಮಾಡುವುದು. ದೂರು ನೀಡದಿದ್ದಾಗ ತಾವಾಗಿಯೇ ‘ನಿಮ್ಮ ಯಂತ್ರದಲ್ಲಿ ದೋಷವಿದೆ’ ಎಂದು ಬರುವ ಕರೆಯನ್ನು ಅನುಮಾನದಿಂದಲೇ ಕಾಣಬೇಕು. ದುರಸ್ತಿ ನಡೆಯುವಾಗ ಬೇರೆ ಕಡತಗಳನ್ನು ಮುಚ್ಚಿಡಬೇಕು. ಫಲಾನುಭವಿಗಳ ಆಧಾರ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆಯ ಪಟ್ಟಿಗಳು ದುರಸ್ತಿಗೆ ಬೇಕಾಗುವುದಿಲ್ಲ. ಯಾರೂ ಇಲ್ಲದಾಗಲೂ ಪ್ರವೇಶಿಸಲು ಅನುವು ಮಾಡುವ ಸ್ಥಿರ ಪಾಸ್‌ವರ್ಡ್ ಸೌಲಭ್ಯ ಈ ತಂತ್ರಾಂಶಗಳಲ್ಲಿರುತ್ತದೆ. ಪಂಚಾಯಿತಿಯ ಯಂತ್ರದಲ್ಲಿ ಅದನ್ನು ಸ್ಥಗಿತಗೊಳಿಸಿಡುವುದು ಕ್ಷೇಮ. ಹಿಂದೆ ಯಾವಾಗಲೋ ಹಾಕಿ ಬಿಟ್ಟುಹೋದ ಇಂತಹ ತಂತ್ರಾಂಶಗಳು ಒಂದಕ್ಕಿಂತ ಹೆಚ್ಚಿದ್ದರೆ, ಬಳಸದವುಗಳನ್ನು ತೆಗೆಸಬೇಕು.

ಅನುಮಾನಾಸ್ಪದ ಸಂಪರ್ಕ ನಡೆದುಹೋಗಿದೆ ಎಂದು ಕಂಡುಬಂದಲ್ಲಿ ಮೊದಲ ಕೆಲಸ ಲ್ಯಾನ್ ತಂತಿಯನ್ನು ಕಿತ್ತುಹಾಕಿ ವೈಫೈ ಆರಿಸುವುದು. ಮೌಸಿನೊಡನೆ ಹೋರಾಡುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ನಂತರ ಬೇರೆ ಯಂತ್ರದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ, ಬ್ಯಾಂಕಿಗೆ ತಿಳಿಸಿ, ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಮುಂದಿನ ಖಾತೆಗೆ ಹಣ ಹೋಗುವ ಮೊದಲೇ ಅದನ್ನು ತಡೆಹಿಡಿಯುವುದು ಈ ಸಹಾಯವಾಣಿಯ ಉದ್ದೇಶವಾದುದರಿಂದ ಗಂಟೆಗಳ ಲೆಕ್ಕವೂ ಮುಖ್ಯ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಬಹುದು. ಯಂತ್ರವನ್ನು ಫಾರ್ಮ್ಯಾಟ್ ಮಾಡಿಸಲು ಆತುರಪಡಬಾರದು. ಟೀಮ್‌ವ್ಯೂವರ್ ತಂತ್ರಾಂಶವು ಒಳಬಂದ ಸಂಪರ್ಕಗಳ ಪಟ್ಟಿಯನ್ನು, ಎನಿಡೆಸ್ಕ್ ಕನೆಕ್ಷನ್ ಟ್ರೇಸ್ ಎಂಬ ಕಡತದಲ್ಲಿ ಸಂಪರ್ಕದ ದಿನಾಂಕ ಮತ್ತು ಸಂಖ್ಯೆಗಳನ್ನು ಯಂತ್ರದಲ್ಲಿಯೇ ಉಳಿಸಿರುತ್ತವೆ. ತನಿಖೆಗೆ ಅವು ಸಾಕ್ಷ್ಯ.

ಸಭೆಯಲ್ಲಿ ಕೇಳಬಹುದಾದುದು

ಸದಸ್ಯರು ಯಂತ್ರದ ಮುಂದೆ ಕುಳಿತು ಇವೆಲ್ಲವನ್ನೂ ಮಾಡಬೇಕೆಂದು ನಿರೀಕ್ಷಿಸಲಾಗದು. ಅವರ ಕೆಲಸ ಪ್ರಶ್ನೆ ಕೇಳುವುದು ಮತ್ತು ವೆಚ್ಚಕ್ಕೆ ಒಪ್ಪಿಗೆ ನೀಡುವುದು. ಕಳೆದ ತಿಂಗಳಿನಲ್ಲಿ ಜಾಲ ಎಷ್ಟು ದಿನ ಇರಲಿಲ್ಲ, ಪ್ರತಿ ಬಾರಿ ದೂರಿನ ಸಂಖ್ಯೆ ಪಡೆಯಲಾಗಿದೆಯೇ ಎಂದು ಕೇಳಬಹುದು. ದೂರಿನ ಸಂಖ್ಯೆಯಿಲ್ಲದ ದೂರಿಗೆ ದಾಖಲೆಯಲ್ಲಿ ಅಸ್ತಿತ್ವವಿಲ್ಲ. ಓಎನ್‌ಟಿ ಪೆಟ್ಟಿಗೆಗೆ ಯುಪಿಎಸ್ ಸಂಪರ್ಕ ಇದೆಯೇ, ಅದರ ಬ್ಯಾಟರಿ ಎಷ್ಟು ಹಳೆಯದು ಎಂಬುದೂ ಕೇಳತಕ್ಕ ಪ್ರಶ್ನೆ. ಯಂತ್ರಕ್ಕೆ ಯುಪಿಎಸ್ ಇದ್ದು ಪೆಟ್ಟಿಗೆಗೆ ಇಲ್ಲದಿದ್ದರೆ ವಿದ್ಯುತ್ ಹೋದೊಡನೆ ದೂರ ಸಂಪರ್ಕವೂ ಹೋಗುತ್ತದೆ. ಕೆಲವು ಮೀಟರ್ ಲ್ಯಾನ್ ತಂತಿ, ಒಂದೆರಡು ಹೆಚ್ಚುವರಿ ಅಡಾಪ್ಟರ್, ನಾಣ್ಯದ ಬ್ಯಾಟರಿ ಇವುಗಳನ್ನು ಕಚೇರಿಯಲ್ಲಿ ಇಟ್ಟುಕೊಳ್ಳಲು ಬೇಕಾಗುವ ಹಣ ಸಭೆಯ ಚಹಾ ವೆಚ್ಚಕ್ಕಿಂತ ಬಹಳ ಹೆಚ್ಚಾಗದು.

ಇದರೊಡನೆ ಒಂದು ಸಾಮಾನ್ಯ ನೋಟ್ ಪುಸ್ತಕವನ್ನು ದೂರ ದುರಸ್ತಿಯ ದಾಖಲೆಯಾಗಿ ಇಡಬಹುದು. ದಿನಾಂಕ, ಆರಂಭ ಮತ್ತು ಅಂತ್ಯದ ಸಮಯ, ಸಂಪರ್ಕ ಪಡೆದವರ ಹೆಸರು ಮತ್ತು ಹುದ್ದೆ, ಯಾವ ತಂತ್ರಾಂಶ, ಏನು ಸರಿಪಡಿಸಲಾಯಿತು, ಆಗ ಯಂತ್ರದ ಮುಂದೆ ಇದ್ದವರು ಯಾರು, ಟೋಕನ್ ಸಿಕ್ಕಿಸಲಾಗಿತ್ತೇ ಇಲ್ಲವೇ ಎಂಬ ವಿವರಗಳು ಒಂದು ಸಾಲಿನಲ್ಲಿ ಮುಗಿಯುತ್ತವೆ. ಪುಸ್ತಕವನ್ನು ಮಾಸಿಕ ಸಭೆಯಲ್ಲಿ ಮೇಜಿನ ಮೇಲಿರಿಸಿ, ಯಂತ್ರದಲ್ಲಿರುವ ಸಂಪರ್ಕಗಳ ಪಟ್ಟಿಯೊಡನೆ ಮೂರು ತಿಂಗಳಿಗೊಮ್ಮೆ ಹೋಲಿಸಿ ನೋಡಬಹುದು. ಯಂತ್ರದ ಪಟ್ಟಿಯಲ್ಲಿದ್ದು ಪುಸ್ತಕದಲ್ಲಿಲ್ಲದ ಸಂಪರ್ಕ ಒಂದಾದರೂ ಕಂಡುಬಂದರೆ, ಅದು ಯಾರದು ಎಂಬ ಪ್ರಶ್ನೆಗೆ ಅದೇ ಸಭೆಯಲ್ಲಿ ಉತ್ತರ ಪಡೆಯಬೇಕು.